‘ಅಂದ್ರೆ’ ಮೇಡಂ ಭಿಲಾಯಿಯಲ್ಲಿ ಪಾಠ ಕಲಿತದ್ದು

ಬೆಳಿಗ್ಗೆ ಕಾರ್ಖಾನೆಯ ಸೈರನ್ ಕೂಗಿತು. ಕಣ್ಣು ಪೂರ್ತಿ ಬಿಡುವ ಮೊದಲೇ ಹಾಲು ತರಬೇಕಲ್ಲ ಅಂದುಕೊಂಡು ಎದ್ದೆ. ಚಪ್ಪಲಿ ಮೆಟ್ಟಿ ಬಾಗಿಲು ತೆಗೆದರೆ ಅದೇ ಬೀದಿ. ಒಂದೇ ಅಚ್ಚಿನಲ್ಲಿ ತೆಗೆದಂಥ ಕ್ವಾರ್ಟರ್ಸುಗಳ ಸಾಲು, ಮಾಸಿದ ಹಳದಿ ಗೋಡೆ, ಮುಂದೆ ಅಂಗೈಯಗಲದ ತೋಟ, ಸೈಕಲ್ಲಿಗೆ ಟಿಫನ್ ಕ್ಯಾರಿಯರ್ ನೇತುಹಾಕಿ ಶಿಫ್ಟಿಗೆ ಹೊರಟ ಗಂಡಸರು. ಎಡಕ್ಕೆ ತಿರುಗಿ ನಡೆದೆ. ಭದ್ರಾವತಿಯ ನ್ಯೂ ಟೌನಿನಲ್ಲಿ ನಮ್ಮ ಮನೆಯಿಂದ ಎಡಕ್ಕೆ ತಿರುಗಿದರೆ ಹಾಲಿನ ಬೂತು. ಇಲ್ಲಿ ಎಡಕ್ಕೆ ಬರೀ ಒಂದು ಕಾಂಪೌಂಡ್ ಗೋಡೆ. ಎದುರು ಮನೆಯ ಮುದುಕಿ ಅಂಗಳ ಗುಡಿಸುತ್ತಿದ್ದವರು ನಿಂತು ನನ್ನನ್ನು ಕೇಳಿದರು: “ಕೋನ್ ಕೋತಿ ಜಾತ್ ಹಸ್ ನೋನಿ?”

ನನ್ನ ಕಿವಿಗೆ ಬಿದ್ದದ್ದು ‘ಕೋತಿ’ ಒಂದೇ. ಪರ ಊರಿಗೆ ಬಂದು ಇನ್ನೂ ಟ್ರಂಕು ಬಿಚ್ಚಿಲ್ಲ, ಆಗಲೇ ಕೋತಿ ಅನ್ನಿಸಿಕೊಂಡೆನಲ್ಲ ಎಂದು ಮುಖ ಕೆಂಪಾಗಿ ಒಳಗೆ ಬಂದುಬಿಟ್ಟೆ. ಯಜಮಾನರು ಹಲ್ಲುಜ್ಜುತ್ತಾ ನಕ್ಕರು. “ಕೋತಿ ಅಂದ್ರೆ ಇವರ ಭಾಷೇಲಿ ಕಡೆ ಅಂತ. ಯಾವ ಕಡೆ ಹೋಗ್ತಾ ಇದ್ದೀಯ ಮಗಳೇ ಅಂತ ಕೇಳಿದಾರೆ ಅಷ್ಟೇ.”

ಅವರಿಗೆ ಛತ್ತೀಸ್‌ಗಢದ ಈ ಉಕ್ಕಿನ ಊರಿಗೆ ವರ್ಗವಾಗಿ ಆರು ತಿಂಗಳಾಗಿತ್ತು. ಮಗಳು ದಾವಣಗೆರೆಯ ಹಾಸ್ಟೆಲಿಗೆ ಸೇರಿದ ಮೇಲೆ ನಾನೂ ಹೊರಟು ಬಂದೆ. ಭದ್ರಾವತಿಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು ನಾನು. ಎಲ್ಲಿಗೆ ಹೋದರೂ ಇಂಗ್ಲಿಷ್ ಇಂಗ್ಲಿಷೇ ತಾನೆ, ಕೆಲಸ ಸಿಗುತ್ತದೆ ಎಂಬ ಧೈರ್ಯವಿತ್ತು.

ನಮ್ಮ ನ್ಯೂ ಟೌನೇನು ಒಂದೇ ಭಾಷೆಯ ಊರಲ್ಲ. ನಮ್ಮ ಎಡಮನೆಯಲ್ಲಿ ತಮಿಳು, ಬಲಮನೆಯಲ್ಲಿ ತೆಲುಗು. ಆದರೆ ಅವರು ನಮ್ಮ ಮೆಟ್ಟಿಲು ಹತ್ತುವಾಗ ಕನ್ನಡ ಹಿಡಿದುಕೊಂಡೇ ಬರುತ್ತಿದ್ದರು. ಸಕ್ಕರೆ ಕೇಳಲಿ, ಜಗಳ ಆಡಲಿ, ಕನ್ನಡದಲ್ಲೇ. ಅದಕ್ಕೆ ಅವರು ಎಷ್ಟು ಕಷ್ಟಪಟ್ಟಿರಬಹುದೆಂದು ಯೋಚಿಸುವ ಅಗತ್ಯ ನಮಗೆ ಬಿದ್ದಿರಲಿಲ್ಲ. ಇಲ್ಲಿ ಮೆಟ್ಟಿಲು ಹತ್ತಬೇಕಾದವಳು ನಾನು.

ಎದುರು ಮನೆಯ ಆ ಮುದುಕಿಯನ್ನು ಬೀದಿಯೆಲ್ಲ ‘ದಾಯಿ’ ಎನ್ನುತ್ತದೆ. ದಾಯಿ ಎಂದರೆ ತಾಯಿ. ಕೋತಿಯ ಕಥೆ ಅವರಿಗೆ ಗೊತ್ತಾಗಿ ಹೊಟ್ಟೆ ಹಿಡಿದು ನಕ್ಕರು, ಮಾರನೆಯ ದಿನ ಒಂದು ತಟ್ಟೆ ‘ಚೀಲಾ’ ತಂದುಕೊಟ್ಟರು. ನಮ್ಮ ನೀರುದೋಸೆಯ ದೊಡ್ಡಮ್ಮನ ಮಗಳ ಹಾಗಿತ್ತು ಅದು, ಸ್ವಲ್ಪ ದಪ್ಪ. ಜೊತೆಗೆ ‘ಪತಾಲ್’ ಚಟ್ನಿ. ನಮಗೆ ಪಾತಾಳ ಭೂಮಿಯ ಕೆಳಗಿದ್ದರೆ ಇವರ ಪತಾಲ್ ಬುಟ್ಟಿಯಲ್ಲಿರುತ್ತದೆ. ಟೊಮೆಟೊಗೆ ಹಾಗೆನ್ನುತ್ತಾರೆ. ಬೇಸಿಗೆ ಬಂದರೆ ಎಲ್ಲರ ಮನೆಯಲ್ಲೂ ‘ಬಾಸಿ’. ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ಈರುಳ್ಳಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಉಣ್ಣುವುದು. ತಂಗಳನ್ನವನ್ನು ನಮ್ಮಲ್ಲಿ ಬಾಗಿಲು ಮುಂದೆ ಮಾಡಿಕೊಂಡು ಉಣ್ಣುತ್ತೇವೆ, ಇವರು ಅಂಗಳದಲ್ಲಿ ಕೂತು ಅಕ್ಕಪಕ್ಕದವರನ್ನು ಕರೆದು ಉಣ್ಣುತ್ತಾರೆ. ತಿನ್ನುವ ವಿಷಯದಲ್ಲಿ ನಾನು ಬೇಗ ಪಾಸಾದೆ. ಫೇಲಾಗಿದ್ದು ಶಾಲೆಯಲ್ಲಿ.

ಟೌನ್‌ಶಿಪ್ಪಿನ ಅಂಚಿನ ಒಂದು ಖಾಸಗಿ ಶಾಲೆಯಲ್ಲಿ ಎಂಟು ಮತ್ತು ಒಂಬತ್ತನೆಯ ತರಗತಿಗೆ ಇಂಗ್ಲಿಷ್ ಕಲಿಸುವ ಕೆಲಸ ಸಿಕ್ಕಿತು. ಸುತ್ತಲ ಹಳ್ಳಿಗಳಿಂದ ಬರುವ ಮಕ್ಕಳೇ ಹೆಚ್ಚು. ಮನೆಯಲ್ಲಿ ಛತ್ತೀಸ್‌ಗಢಿ, ಶಾಲೆಯಲ್ಲಿ ಹಿಂದಿ, ಪುಸ್ತಕದಲ್ಲಿ ಇಂಗ್ಲಿಷ್. ನನಗೋ ಹಿಂದಿ ಎಂದರೆ ಬಸ್ ಸ್ಟ್ಯಾಂಡಿನ ಹಿಂದಿ. ಭದ್ರಾವತಿಯಲ್ಲಿ ಒಂದು ಇಂಗ್ಲಿಷ್ ವಾಕ್ಯ ಓದಿ “ಅಂದ್ರೆ…” ಎಂದು ಶುರುಮಾಡಿದರೆ ಸಾಕು, ಮಕ್ಕಳ ಕಣ್ಣು ಬೆಳಗುತ್ತಿತ್ತು. ಆ ‘ಅಂದ್ರೆ’ ನನ್ನ ಸೇತುವೆ. ಇಲ್ಲೂ ಅಭ್ಯಾಸಬಲದಿಂದ ಪ್ರತಿ ವಾಕ್ಯದ ಕೊನೆಗೆ ‘ಅಂದ್ರೆ’ ಎಂದು ಹೊರಡುವುದು, ಮುಂದೆ ಹೇಳಲು ಏನೂ ಸಿಗದೆ ನಿಲ್ಲುವುದು. ವಾರದೊಳಗೆ ಇಡೀ ಶಾಲೆಯಲ್ಲಿ ನಾನು ಆಂಧ್ರದವಳು ಎಂದು ಸುದ್ದಿಯಾಯಿತು. ಹೊಸ ಮೇಡಂ ಮಾತುಮಾತಿಗೂ ತನ್ನ ಊರಿನ ಹೆಸರು ಹೇಳುತ್ತಾರೆ ಎಂದು ಮಕ್ಕಳು ಮನೆಯಲ್ಲಿ ಹೇಳಿದ್ದರಂತೆ. ಸ್ಟಾಫ್ ರೂಮಿನಲ್ಲೂ ‘ಆಂಧ್ರಾ ಮೇಡಂ’ ಎನ್ನತೊಡಗಿದರು. ತಿದ್ದಲು ಹೋದೆ, “ಸೌತ್ ತಾನೆ, ಒಂದೇ” ಎಂದರು.

ಕೀಟಲೆ ಇರಲಿ, ಮಕ್ಕಳು ಬಾಯಿಯೇ ಬಿಡುತ್ತಿರಲಿಲ್ಲ. ಖಿಲೇಶ್ವರಿ ಎಂಬ ಹುಡುಗಿ ಒಂಬತ್ತನೆಯ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದಳು. ಎತ್ತರದ ಹುಡುಗಿ, ಪ್ರಶ್ನೆ ಕೇಳಿದರೆ ಎದ್ದು ನಿಲ್ಲುವಳು, ತಲೆ ತಗ್ಗಿಸುವಳು, ಕೂರು ಎನ್ನುವ ತನಕ ಹಾಗೇ. ತರಗತಿಯ ಐವತ್ತು ಮಕ್ಕಳೂ ಒಬ್ಬರಿಗಿಂತ ಒಬ್ಬರು ಹಾಗೆಯೇ. ಪ್ರಿನ್ಸಿಪಾಲ್ ವರ್ಮಾ ಮೇಡಂ ಒಂದು ದಿನ ಕರೆದು ಬಹಳ ಮರ್ಯಾದೆಯಿಂದಲೇ ಹೇಳಿದರು: “ದೀಪಾವಳಿಯ ತನಕ ನೋಡೋಣ. ಕಷ್ಟವಾದರೆ ನಿಮಗೆ ಒಂದನೇ ಕ್ಲಾಸು ಕೊಡ್ತೀನಿ. ಎ ಬಿ ಸಿ ಡಿಗೆ ಭಾಷೆ ಬೇಡ.”

ಊರಿನಲ್ಲಿ ಎಸ್‌ಎಸ್‌ಎಲ್‌ಸಿ ಮಕ್ಕಳು ಬೇರೆ ಶಾಲೆಯಿಂದ ನನ್ನ ಹತ್ತಿರ ಗ್ರಾಮರ್ ಕೇಳಲು ಬರುತ್ತಿದ್ದರು. ಆ ದಿನ ಮನೆಗೆ ಬಂದು ಅಡುಗೆಮನೆಯ ಕಟ್ಟೆಗೆ ಒರಗಿ ಸುಮ್ಮನೆ ನಿಂತಿದ್ದೆ. ಶಿವಮೊಗ್ಗದ ಸುನಂದಾಗೆ ಫೋನ್ ಮಾಡಿದೆ.

ಸುನಂದಾ ಕನ್ನಡ ಟೀಚರ್, ಬಿ.ಎಡ್. ದಿನಗಳಿಂದ ಗೆಳತಿ. ಭಾಷಾ ಶಿಕ್ಷಕರಿಗೆ ಶನಿವಾರ ಶಿವಮೊಗ್ಗದಲ್ಲಿ ಸಭೆ, ತರಬೇತಿ ಎಂದು ಏನಾದರೂ ಇರುತ್ತಿತ್ತು. ನಿಜ ಹೇಳಬೇಕೆಂದರೆ ತರಬೇತಿಗಿಂತ ಆ ಬಸ್ ಪ್ರಯಾಣವೇ ನಮಗೆ ಇಷ್ಟ. ಭದ್ರಾವತಿಯಿಂದ ನಾವು ನಾಲ್ಕು ಜನ ಟೀಚರುಗಳು ಒಟ್ಟಿಗೆ ಹೊರಡುತ್ತಿದ್ದೆವು, ಸುನಂದಾ ಸಭೆಯಲ್ಲಿ ಸೀಟು ಹಿಡಿದಿರುತ್ತಿದ್ದಳು. ಉಪ್ಪಿಟ್ಟು, ಟೀ, ಹಾಜರಿಗೆ ಸಹಿ. ಆದರೆ ಟೀ ಹೊತ್ತಿಗೆ ನಡೆಯುತ್ತಿತ್ತು ನೋಡಿ ನಿಜವಾದ ಪಾಠ. “ನಿನ್ನ ಮಕ್ಕಳಿಗೆ ಟೆನ್ಸ್ ಹೇಗೆ ಹೇಳ್ಕೊಟ್ಟೆ?” “ಪದ್ಯ ಬಾಯಿಪಾಠ ಮಾಡ್ಸೋದು ಬಿಡು, ಮೊದಲು ಕುಣಿಸು.” ಹೀಗೆ. ಸಂಜೆ ಗಾಂಧಿ ಬಜಾರಿನಲ್ಲಿ ಸುತ್ತಿ, ಮಂಡಕ್ಕಿ ಮೆಣಸಿನಕಾಯಿ ಕಟ್ಟಿಸಿಕೊಂಡು ಬಸ್ ಹತ್ತುವುದು. ತುಂಗೆಯ ಸೇತುವೆ ಕಂಡಾಗೆಲ್ಲ ಯಾರಾದರೂ ಒಬ್ಬರು “ಸೋಮವಾರ ಇದನ್ನ ಮಾಡಿ ನೋಡ್ತೀನಿ ಕಣ್ರೇ” ಎನ್ನುತ್ತಿದ್ದರು. ನಾನು ಕಳೆದುಕೊಂಡದ್ದು ಆ ‘ಕಣ್ರೇ’ ಎನ್ನುವವರನ್ನು.

“ಇಲ್ಲಿ ಕೇಳಕ್ಕೆ ಒಬ್ಬರೂ ಇಲ್ಲ ಸುನಂದಾ.”

“ಕೇಳಕ್ಕೆ ಜನ ಇದಾರೆ, ನಿನ್ನ ಬೀದೀಲಿ ಇಲ್ಲ ಅಷ್ಟೇ. ಲಿಂಕ್ ಕಳಿಸ್ತೀನಿ, ನೋಡು.”

ವಾಟ್ಸ್ಯಾಪಿನಲ್ಲಿ ಸಾಲು ಸಾಲು ಜಾಲತಾಣಗಳು ಬಂದವು. ಅವುಗಳ ಹೆಸರು ಇಲ್ಲಿ ಬೇಡ, ಹುಡುಕುವವರಿಗೆ ಸಿಗುತ್ತವೆ. ಆದರೆ ಯಾವುದರಿಂದ ಏನಾಯಿತೆಂದು ನನ್ನಂಥ ಟೀಚರುಗಳಿಗೆ ಹೇಳಬೇಕು. ಮೊದಲನೆಯದು ಹೊರದೇಶದ್ದು, ಇಂಗ್ಲಿಷ್ ಕಲಿಸುವವರಿಗೆಂದೇ ಇರುವುದು. ಪಾಠದ ಯೋಜನೆಗಳು ರಾಶಿ ಬಿದ್ದಿದ್ದವು. ಆಸೆಯಿಂದ ಒಂದನ್ನು ಇಳಿಸಿಕೊಂಡೆ. ‘ಹನ್ನೆರಡು ಮಕ್ಕಳು ದುಂಡಗೆ ಕೂತು ತಮ್ಮ ವಿಮಾನ ಪ್ರಯಾಣದ ಬಗ್ಗೆ ಮಾತಾಡಲಿ’ ಎಂದಿತ್ತು. ನನ್ನ ಐವತ್ತು ಮಕ್ಕಳು, ನೆಲಕ್ಕೆ ಬಿಗಿದ ಬೆಂಚು, ಸೈಕಲ್ ಬಿಟ್ಟು ಬೇರೆ ವಾಹನ ಅವರ ಮಾತಿನಲ್ಲೇ ಇಲ್ಲ. ಆಮೇಲೆ ಗೊತ್ತಾಯಿತು, ಆ ತಾಣದಲ್ಲಿ ಯೋಜನೆಗಳಿಗಿಂತ ಬೆಲೆಯುಳ್ಳದ್ದು ಟೀಚರುಗಳು ಬರೆದ ಪುಟ್ಟ ಲೇಖನಗಳು. ತೂಕಡಿಸುವ ತರಗತಿ, ಮಾತಾಡದ ತರಗತಿ, ತುಂಬಿ ತುಳುಕುವ ತರಗತಿ, ಎಲ್ಲದಕ್ಕೂ ಯಾರೋ ಒಬ್ಬರು ಏನೋ ಮಾಡಿ ನೋಡಿ ಬರೆದಿದ್ದರು.

ಎರಡನೆಯದು ನಮ್ಮ ದೇಶದ್ದೇ, ಶಿಕ್ಷಕರಿಗಾಗಿ ಹಲವು ಭಾಷೆಗಳಲ್ಲಿ ವೀಡಿಯೋ ಪಾಠಗಳಿದ್ದವು. ಅದರಲ್ಲಿ ಕನ್ನಡದವನ್ನು ಹಾಕಿಕೊಂಡು ಸೊಪ್ಪು ಬಿಡಿಸುತ್ತಿದ್ದೆ. ವಿಷಯ ಯಾವುದಾದರೂ ಸರಿ, ಮನೆಯಲ್ಲಿ ಕನ್ನಡ ಕೇಳಿಸಿದರೆ ಸಾಕಿತ್ತು. ಮೂರನೆಯದರಲ್ಲಿ ಮಕ್ಕಳ ಚಿತ್ರಕಥೆಗಳು, ಒಂದೇ ಕಥೆ ಹತ್ತಾರು ಭಾಷೆಗಳಲ್ಲಿ. ನಾಲ್ಕನೆಯದು ಪ್ರಶ್ನೆ ಕೇಳುವ ಕಟ್ಟೆ. ಲೋಕದ ಯಾವ ಮೂಲೆಯ ಟೀಚರಾದರೂ ಕೇಳಬಹುದು, ಯಾರಾದರೂ ಉತ್ತರಿಸಬಹುದು. ನಮ್ಮ ಶನಿವಾರದ ಟೀ ಹೊತ್ತಿನ ಹಾಗೆ, ಟೀ ಒಂದಿಲ್ಲ.

ಆ ಕಟ್ಟೆಯಲ್ಲಿ ಅಳುಕುತ್ತಲೇ ಬರೆದೆ: ನಾನು ಭದ್ರಾವತಿಯವಳು, ಈಗ ಭಿಲಾಯಿಯಲ್ಲಿದ್ದೇನೆ, ಮಕ್ಕಳ ಮನೆಮಾತು ನನಗೆ ಬರುವುದಿಲ್ಲ, ಅವರು ಮಾತಾಡುತ್ತಿಲ್ಲ, ಏನು ಮಾಡಲಿ? ನೇಪಾಳದಿಂದ ಒಬ್ಬರು ಬರೆದರು, ಇಥಿಯೋಪಿಯಾದಿಂದ ಒಬ್ಬರು. ಅವರಿಗೂ ಬೆಂಚು ಅಲುಗಾಡುವುದಿಲ್ಲವಂತೆ. ಮೂರನೆಯ ಉತ್ತರ ಮಾಲ್ಡೀವ್ಸಿನ ಒಂದು ದ್ವೀಪದಿಂದ. ಇಂಗ್ಲಿಷಿನಲ್ಲಿ ಅಚ್ಚುಕಟ್ಟಾಗಿ ನಾಲ್ಕು ಸಾಲು, ಕೊನೆಯಲ್ಲಿ ಕನ್ನಡ ಅಕ್ಷರ: “ಭದ್ರಾವತಿ ಅಂದ್ಯಾ? ನಾನು ಆಯನೂರಿನವಳು ಮಾರಾಯ್ತಿ.”

ಆಯನೂರೆಂದರೆ ಶಿವಮೊಗ್ಗದಿಂದ ಸಾಗರಕ್ಕೆ ಹೋಗುವ ದಾರಿಯ ಊರು. ಕುಕ್ಕರ್ ಕೂಗುತ್ತಲೇ ಇತ್ತು, ನಾನು ಫೋನ್ ಹಿಡಿದು ಅಳುತ್ತಾ ನಗುತ್ತಾ ಕೂತಿದ್ದೆ. ಯಜಮಾನರು ಬಂದು ಗ್ಯಾಸ್ ಆರಿಸಿದರು.

ಅವಳ ಹೆಸರು ಜಯಶ್ರೀ. ಸಮುದ್ರದ ನಡುವೆ ಒಂದು ಚುಕ್ಕಿಯಷ್ಟಿರುವ ದ್ವೀಪದಲ್ಲಿ ಬಹಳ ವರ್ಷಗಳಿಂದ ಇಂಗ್ಲಿಷ್ ಕಲಿಸುತ್ತಾಳೆ. ಭಾನುವಾರ ಮಧ್ಯಾಹ್ನ ವೀಡಿಯೋ ಕಾಲ್ ಮಾಡುವುದು ನಮ್ಮ ರೂಢಿಯಾಯಿತು. ಅರ್ಧ ಹೊತ್ತು ತರಗತಿಯ ಮಾತು, ಇನ್ನರ್ಧ ಹೊತ್ತು ಸಾಗರದ ರಸ್ತೆಯ ಬಸ್ಸುಗಳು, ಸಕ್ರೆಬೈಲಿಗೆ ಮಕ್ಕಳನ್ನು ಆನೆ ತೋರಿಸಲು ಕರೆದೊಯ್ದಿದ್ದು, ಅವಳ ದ್ವೀಪದಲ್ಲಿ ಕೊತ್ತಂಬರಿ ಸೊಪ್ಪು ದೋಣಿಯಲ್ಲಿ ಬರಬೇಕಾದದ್ದು.

ಅವಳೇ ಹೇಳಿದ್ದು: “ನಿಂಗೆ ಅವರ ಭಾಷೆ ಬರಲ್ಲ ಅಂತ ಮಕ್ಕಳಿಗೆ ಹೇಳು. ಕಲಿಸಿ ಅಂತ ಕೇಳು.”

“ಟೀಚರಾಗಿ ಬರಲ್ಲ ಅಂತ ಹೇಳೋದಾ? ಮೊದಲೇ ನನ್ನ ಆಡ್ಕೊಳ್ತಾರೆ.”

“ಆಡ್ಕೊಳ್ಳಲಿ ಬಿಡು. ಬಾಯಿ ಬಿಡ್ಲಿ ಅಂತ ತಾನೆ ನಿಂಗೆ ಬೇಕಾಗಿದ್ದು?”

ಮರುದಿನ ಬೋರ್ಡಿನ ಮೇಲೆ ಮೂರು ಕಂಬ ಎಳೆದೆ: ಛತ್ತೀಸ್‌ಗಢಿ, ಕನ್ನಡ, ಇಂಗ್ಲಿಷ್. “ಮೋರ್ ನಾವ್ ವನಜಾ” ಎಂದೆ. ನನ್ನ ಹೆಸರು ವನಜಾ ಎಂದು ಅವರ ಮಾತಿನಲ್ಲಿ. ದಾಯಿಯಿಂದ ಬೆಳಿಗ್ಗೆಯೇ ಕಲಿತು ಬಂದಿದ್ದೆ. ತರಗತಿ ಗೊಳ್ಳೆಂದು ನಕ್ಕಿತು. ನಾನು ‘ಅಂದ್ರೆ’ ಎನ್ನುವುದು ಊರಲ್ಲ, ಮಾತು ಎಂದೂ ಹೇಳಿಬಿಟ್ಟೆ. ಹಾಗಾದರೆ ನಿಮ್ಮ ಊರಿನಲ್ಲಿ ನೀರಿಗೆ ಏನಂತಾರೆ, ಅಪ್ಪನಿಗೆ ಏನಂತಾರೆ, ಪತಾಲಿಗೆ ಏನಂತಾರೆ ಎಂದು ಒಬ್ಬೊಬ್ಬರೇ ಕೇಳತೊಡಗಿದರು. ಮೂರನೆಯ ಕಂಬಕ್ಕೆ ಬಂದಾಗ ಇಂಗ್ಲಿಷ್ ಅವರಿಗೆ ಸಿಕ್ಕಿಕೊಳ್ಳುವ ಬಲೆಯಾಗಿರಲಿಲ್ಲ, ಆಟದ ಇನ್ನೊಂದು ಮನೆಯಾಗಿತ್ತು. ಚಿತ್ರಕಥೆಗಳ ತಾಣದಿಂದ ಒಂದು ಕಥೆ ತೆಗೆದು, ಹಿಂದಿಯಲ್ಲಿ ಅವರು ಓದಿದರು, ಕನ್ನಡದಲ್ಲಿ ನಾನು ಓದಿದೆ, ಇಂಗ್ಲಿಷಿನಲ್ಲಿ ಒಟ್ಟಿಗೆ ಓದಿದೆವು.

ಕೆಲವು ವಾರ ಹೀಗೆ ನಡೆಯಿತು. ಒಂದು ದಿನ ‘ಮನೆಯ ಊಟ’ ಎಂಬ ಮಾತು ನಡೆದಿತ್ತು. ಕೂರು ಎನ್ನುವ ತನಕ ತಲೆ ತಗ್ಗಿಸಿ ನಿಲ್ಲುತ್ತಿದ್ದ ಖಿಲೇಶ್ವರಿ ತಾನಾಗಿ ಎದ್ದಳು. ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಹೇಳಿದಳು: ನಮ್ಮಮ್ಮ ಬಾಸಿ ಉಣ್ಣುತ್ತಾಳೆ. ನಾನು ಬಾಸಿ ಉಣ್ಣುತ್ತೇನೆ. ಆಮೇಲೆ ಸ್ವಲ್ಪ ನಿಂತು, ನನ್ನ ಕಡೆ ನೋಡಿ ಕೇಳಿದಳು: ಮೇಡಂ, ನೀವು ಬಾಸಿ ಉಣ್ಣುತ್ತೀರಾ?

ಉಣ್ಣುತ್ತೇನೆ ಎಂದೆ. ಬೋರ್ಡಿನ ಮೇಲೆ ಕನ್ನಡದ ಕಂಬದಲ್ಲಿ ‘ತಂಗಳನ್ನ’ ಎಂದು ಬರೆದೆ.

ಆ ವಾರವೇ ಒಬ್ಬ ತಂದೆ ಬಂದು ದೂರು ಕೊಟ್ಟರು. ಇಂಗ್ಲಿಷ್ ಕಲಿಯಲಿ ಎಂದು ಹೊಲದ ಕೆಲಸ ಬಿಡಿಸಿ ಇಲ್ಲಿಗೆ ಕಳಿಸಿದರೆ ಮೇಡಂ ನಮ್ಮ ಮನೆಯ ಭಾಷೆಯನ್ನೇ ಕಲಿಸುತ್ತಾರಂತೆ ಎಂದು. ಅವರ ಸಂಕಟ ಸುಳ್ಳಲ್ಲ. ವರ್ಮಾ ಮೇಡಂ ಮುಖ ಬಿಗಿದುಕೊಂಡಿದ್ದರು. ದೀಪಾವಳಿಗೆ ಹೆಚ್ಚು ದಿನ ಇರಲಿಲ್ಲ.

“ಒಂದು ಪೀರಿಯಡ್ ಬಂದು ಕೂತ್ಕೊಳ್ಳಿ ಮೇಡಂ,” ಎಂದೆ. “ಆಮೇಲೆ ನೀವು ಹೇಳಿದ ಹಾಗೆ.”

ಅವರು ಬಂದು ಕಡೆಯ ಬೆಂಚಿನಲ್ಲಿ ಖಿಲೇಶ್ವರಿಯ ಪಕ್ಕದಲ್ಲೇ ಕೂತರು. ಆ ದಿನ ಮಕ್ಕಳು ಪಕ್ಕದಲ್ಲಿರುವವರನ್ನು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಬೇಕು. ನನಗೆ ಇದು ಹೊಳೆದಿರಲಿಲ್ಲ, ಖಿಲೇಶ್ವರಿಯ ಪಕ್ಕದಲ್ಲಿದ್ದವರು ಪ್ರಿನ್ಸಿಪಾಲರು. ಅವಳು ಎದ್ದು ನಿಂತು ಕೇಳಿಯೇಬಿಟ್ಟಳು: ಮೇಡಂ, ಬೆಳಿಗ್ಗೆ ಏನು ತಿಂದಿರಿ? ಪೋಹಾ ಎಂದರು ಅವರು, ನಮ್ಮ ಅವಲಕ್ಕಿ. ಪತಾಲ್ ಹಾಕಿತ್ತಾ ಎಂದಳು. ಟೊಮೆಟೊ ಎನ್ನಬೇಕಿತ್ತು, ಆತುರಕ್ಕೆ ಪತಾಲ್ ಬಂದಿತ್ತು. ಮುಂದಿನ ಬೆಂಚಿನಿಂದ ಯಾರೋ ‘ಟೊಮೆಟೊ, ಟೊಮೆಟೊ’ ಎಂದರು. ವರ್ಮಾ ಮೇಡಂ ನಕ್ಕುಬಿಟ್ಟರು, ಇಂಗ್ಲಿಷಿನಲ್ಲೇ ಉತ್ತರ ಕೊಟ್ಟರು, ತಿರುಗಿ ಅವಳನ್ನು ಕೇಳಿದರು, ಅವಳು ಹೇಳಿದಳು. ಪೀರಿಯಡ್ ಮುಗಿದಾಗ ಎದ್ದು ಹೋದರು. ಒಂದನೇ ಕ್ಲಾಸಿನ ಮಾತು ಮತ್ತೆ ಬರಲಿಲ್ಲ. ದೀಪಾವಳಿ ಕಳೆದ ಮೇಲೆ ಉಳಿದ ಭಾಷಾ ಟೀಚರುಗಳಿಗೂ ಆ ತಾಣಗಳನ್ನು ತೋರಿಸಿಕೊಡಿ ಎಂದರು. ಸ್ಟಾಫ್ ರೂಮಿನಲ್ಲಿ ಒಂದು ಲ್ಯಾಪ್‌ಟಾಪಿನ ಸುತ್ತ ಎಲ್ಲರೂ ಕುರ್ಚಿ ಎಳೆದುಕೊಂಡರು. ಹಿಂದಿ ಟೀಚರ್ ತಮ್ಮ ಡಬ್ಬಿಯಿಂದ ಕಡಲೆಹಿಟ್ಟಿನ ‘ಠೇಠರಿ’ ತೆಗೆದು ಹಂಚಿದರು. ನಮ್ಮ ಚಕ್ಕುಲಿಯ ಹಾಗೆ ಕುರುಕಲು ಅದು. ಬಹಳ ದಿನಗಳ ಮೇಲೆ ನನಗೆ ಶನಿವಾರ ಬಂದಂತಾಯಿತು.

ಸುನಂದಾ ಸುಮ್ಮನಿರುವವಳಲ್ಲ. ಶಿವಮೊಗ್ಗದ ಟೀಚರುಗಳಿಗೆ ನೀನೇ ಆನ್‌ಲೈನಿನಲ್ಲಿ ಮಾತಾಡು ಎಂದಳು. ಪರದೆ ತೆರೆದಾಗ ಅದೇ ಹಾಲ್, ಅದೇ ಕಬ್ಬಿಣದ ಕುರ್ಚಿಗಳು, ಹೊರಗೆ ಆಟೋ ಹಾರನ್. ನಾನು ಕನ್ನಡದಲ್ಲಿ ಶುರುಮಾಡಿದೆ. ಎಷ್ಟೋ ತಿಂಗಳ ಮೇಲೆ ಹತ್ತು ಜನರ ಮುಂದೆ ಹುಡುಕದೆ, ತಡವರಿಸದೆ ಮಾತಾಡುವುದು, ಬಿಗಿಯಾದ ಚಪ್ಪಲಿ ಬಿಚ್ಚಿ ತಣ್ಣನೆಯ ನೆಲದ ಮೇಲೆ ಕಾಲಿಟ್ಟ ಹಾಗಿತ್ತು. ಮುಗಿದ ಮೇಲೆ ಯಾರೋ ಕ್ಯಾಮೆರಾದ ಹತ್ತಿರ ಮಂಡಕ್ಕಿ ಪೊಟ್ಟಣ ಹಿಡಿದು “ತಗೊಳ್ಳಿ ವನಜಾ ಮೇಡಂ” ಎಂದರು. ಎಲ್ಲರೂ ನಕ್ಕರು. ನಾನು ಕ್ಯಾಮೆರಾ ಆಫ್ ಮಾಡಿದೆ, ನೆಟ್‌ವರ್ಕ್ ಹೋಯಿತು ಎಂದು ಅವರು ತಿಳಿದುಕೊಳ್ಳಲಿ ಎಂದು.

ಆ ಮಾತು ಕೇಳಿದವರಲ್ಲಿ ಶಿವಮೊಗ್ಗದ ಒಂದು ಶಾಲೆಯ ಹೆಡ್‌ಮಿಸ್ ಇದ್ದರು. ಅವರಿಗೊಬ್ಬ ಇಂಗ್ಲಿಷ್ ಟೀಚರ್ ಬೇಕಿತ್ತು. ಬೇಸಿಗೆ ರಜೆಗೆ ಊರಿಗೆ ಬಂದಾಗ ಬಂದು ಒಂದು ಪಾಠ ಮಾಡಿ ಎಂದು ಹೇಳಿಕಳಿಸಿದರು. ನ್ಯೂ ಟೌನಿನ ಅಕ್ಕನ ಮನೆಯಿಂದ ಹೊರಟೆ. ಬೇಸಿಗೆ ಶಿಬಿರಕ್ಕೆ ಬಂದ ಮಕ್ಕಳೇ ತರಗತಿ. ‘ಅಂದ್ರೆ’ ಎಂದೆ, ಕಣ್ಣುಗಳು ಬೆಳಗಿದವು. ಎಷ್ಟು ಸಲೀಸು. ಆದರೆ ಗೋಡೆಯ ಪಕ್ಕ ಕೂತ ಒಂದು ಹುಡುಗಿ ಮಾತ್ರ ತಲೆ ತಗ್ಗಿಸಿದ್ದಳು. ಹತ್ತಿರ ಹೋಗಿ ಕೇಳಿದೆ. ಕಟ್ಟಡದ ಕೆಲಸಕ್ಕೆ ಬಿಹಾರದಿಂದ ಬಂದವರ ಮಗಳು, ಕನ್ನಡ ಇನ್ನೂ ಬಂದಿರಲಿಲ್ಲ. ಬೋರ್ಡಿನ ಮೇಲೆ ಕಂಬ ಎಳೆದು, ನೀರಿಗೆ ನಿಮ್ಮನೇಲಿ ಏನಂತಾರೆ ಎಂದು ಅವಳನ್ನೇ ಮೊದಲು ಹಿಂದಿಯಲ್ಲಿ ಕೇಳಿದೆ. ಹೆಡ್‌ಮಿಸ್ ಅಲ್ಲೇ ನಿಂತು “ಜೂನಿಗೆ ಬಂದ್ಬಿಡಿ” ಎಂದರು.

ಸಂಜೆ ಯಜಮಾನರಿಗೆ ಫೋನ್ ಮಾಡಿದೆ. “ನಿಂಗೆ ಹೇಗೆ ಅನ್ಸುತ್ತೋ ಹಾಗೆ ಮಾಡು,” ಎಂದರು. “ನಾನು ಅನ್ನ ಸಾರು ಮಾಡ್ಕೊಳ್ತೀನಿ.” ಆಮೇಲೆ ಜಯಶ್ರೀಗೆ ಮಾಡಿದೆ. ಅವಳು ಬಂದುಬಿಡು ಎನ್ನುತ್ತಾಳೆಂದು ಕಾದೆ.

“ನಾನೂ ಒಂದು ಸಲ ಎಲ್ಲಾ ಕಟ್ಟಿಕೊಂಡು ಆಯನೂರಿಗೆ ವಾಪಸ್ ಹೋಗಿದ್ದೆ ಮಾರಾಯ್ತಿ,” ಎಂದಳು. “ಒಂದು ವರ್ಷ ಇದ್ದೆ. ಮಳೆ ಬಂದಾಗೆಲ್ಲ ಸಮುದ್ರದ ಮೇಲೆ ಹೇಗೆ ಬೀಳ್ತಿರಬಹುದು ಅಂತ ಅನ್ಸೋದು. ಇಲ್ಲಿಗೆ ವಾಪಸ್ ಬಂದ ಮೇಲೆ ಆಯನೂರು ಸಂತೆ ನೆನಪು. ನೀನು ಎಲ್ಲಿದ್ರೂ ಇನ್ನೊಂದು ಕಡೆ ಎಳೆಯತ್ತೆ. ಅದನ್ನ ಲೆಕ್ಕಕ್ಕೆ ತಗೋಬೇಡ. ಬೇರೆ ಏನಾದ್ರೂ ನೋಡ್ಕೊಂಡು ನಿರ್ಧಾರ ಮಾಡು.”

ಬೇರೆ ಏನೆಂದು ಎರಡು ದಿನ ಯೋಚಿಸಿದೆ. ಒಂಬತ್ತನೆಯ ತರಗತಿ ಈಗ ಹತ್ತಕ್ಕೆ ಹೋಗುತ್ತದೆ, ಅವರ ಜೊತೆ ನಾನೂ. ಬಾಯಿ ಬಿಡಿಸಿದವಳು ನಾನು, ಪರೀಕ್ಷೆಯ ವರ್ಷಕ್ಕೆ ಕೈಬಿಟ್ಟು ಬಂದರೆ ಮತ್ತೆ ತಲೆ ತಗ್ಗಿಸುತ್ತಾರೆ. ಯಜಮಾನರ ಆ ಒಂಟಿ ಅನ್ನ ಸಾರೂ ಇತ್ತು. ಒಂದು ವರ್ಷ ಕಾಯುತ್ತೀರಾ ಎಂದು ಹೆಡ್‌ಮಿಸ್ಸನ್ನು ಕೇಳಿದೆ. “ನಮಗೂ ಮಕ್ಕಳಿದಾರಲ್ಲ ಮೇಡಂ,” ಎಂದರು ಬೇಸರದಿಂದ. ಆಗುವುದಿಲ್ಲ ಎಂದು ಹೇಳಿ ಹೊರಗೆ ಬಂದೆ. ಸುನಂದಾ ಗೇಟಿನ ಹತ್ತಿರ ಕಾಯುತ್ತಿದ್ದಳು. ನನ್ನ ಮುಖ ನೋಡಿ ತೋಳು ಹಿಡಿದಳು, ಗಾಂಧಿ ಬಜಾರಿನ ಕಡೆ ನಡೆದೆವು. ಆ ಸಂಜೆ ಅಂಗಡಿ ಅಂಗಡಿಯ ಮುಂದೆ ನಿಂತು ಏನೂ ಕೊಳ್ಳದೆ ನೋಡಿದೆ. ಸರಿಯಾದದ್ದನ್ನೇ ಮಾಡಿದೆ ಎಂದು ಈಗಲೂ ಎದೆ ತಟ್ಟಿ ಹೇಳಲಾರೆ.

ರೈಲು ಬದಲಿಸಿ, ಎರಡು ಹಗಲು ಕಳೆದು ಭಿಲಾಯಿ ಮುಟ್ಟಿದೆ. ಆಟೋ ಇಳಿದು ಚೀಲಗಳನ್ನು ಗೇಟಿನ ಹತ್ತಿರ ಇಟ್ಟೆನೋ ಇಲ್ಲವೋ, ಭದ್ರಾವತಿಯಿಂದ ಅಕ್ಕನ ಫೋನ್. “ಮನೆ ಮುಟ್ಟಿದ್ಯೇನೇ?” ಎಂದಳು. ಅಷ್ಟರಲ್ಲಿ ಎದುರು ಅಂಗಳದಿಂದ ದಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದರು. “ಘರ್ ಲೇ ಆ ಗೇಸ್ ನೋನಿ?” ಎಂದರು. ಮನೆಯಿಂದ ಬಂದ್ಯಾ ಮಗಳೇ ಎಂದು.

ನಾನು ಅಕ್ಕನಿಗೆ ಹೂಂ ಎಂದೆ. ಫೋನ್ ಕಿವಿಯಿಂದ ತೆಗೆಯದೆ ದಾಯಿಗೂ ಹೂಂ ಎಂದು ತಲೆಯಾಡಿಸಿದೆ.